ಮಳೆನಾಡಿನ ಹಾಸುಹಲಗೆಯೂ ಕಟಾಂಜನವೂ: ದಾರು, ಶಿಲೆ, ಲೋಹಗಳ ಒಂದು ಚರಿತ್ರೆ

ಪೀಠಿಕೆ

ಮನುಷ್ಯನು ಕಟ್ಟುವ ಕಟ್ಟಡವು ಗೃಹವಾಗಿರಲಿ, ಮಠವಾಗಿರಲಿ, ದೇವಾಲಯವಾಗಿರಲಿ, ಅದರಲ್ಲಿ ಕಾಲದ ಪೆಟ್ಟಿಗೆ ಎಲ್ಲಕ್ಕಿಂತ ಮೊದಲು ಗುರಿಯಾಗುವ ಅಂಗಗಳು ಎರಡು. ಹೊರಗಾಳಿಗೆ ತೆರೆದು ಮಲಗಿರುವ ಹಾಸು ಒಂದು. ಆ ಹಾಸಿನ ಅಂಚಿನಲ್ಲಿ ನಿಂತು, ಅಡಿ ತಪ್ಪಿದವರನ್ನು ತಡೆಯುವ ಕಟಾಂಜನ ಮತ್ತೊಂದು. ಗರ್ಭಗೃಹದ ಗೋಡೆಗೆ ಮಾಡಿನ ಆಶ್ರಯವುಂಟು. ಒಳಗಣ ಕಂಬಕ್ಕೆ ಗೋಡೆಯ ಮರೆಯುಂಟು. ಉಪ್ಪರಿಗೆಯ ಮೊಗಸಾಲೆಗಾಗಲಿ, ಹಳ್ಳದ ಮೇಲಿನ ಸಂಕಕ್ಕಾಗಲಿ, ಜಗುಲಿಯ ಕಂಬಿಸಾಲಿಗಾಗಲಿ ಅಂತಹ ಆಶ್ರಯವು ಅಲ್ಪವೇ ಸರಿ. ಮಳೆಯ ನೀರು ಅವುಗಳ ಮೇಲೆಯೇ ಬಿದ್ದು ಅಲ್ಲಿಯೇ ನಿಲ್ಲುವುದು. ಬಿಸಿಲು ಅವುಗಳನ್ನೇ ಸುಡುವುದು. ಜನರ ಭಾರವೂ ಅವುಗಳ ಮೇಲೆಯೇ ಬೀಳುವುದು. ಜಾತ್ರೆ ಉತ್ಸವಗಳಲ್ಲಿ ನೂರಾರು ಜನರು ಒಂದೇ ಕಟಾಂಜನಕ್ಕೆ ಒರಗಿ ನಿಂತಾಗ, ಒಳಗೆ ಗೆದ್ದಲು ತಿಂದ ಒಂದು ಕಂಬಿಯು ಎಷ್ಟು ಪ್ರಾಣಗಳಿಗೆ ಕುತ್ತಾದೀತೆಂಬುದನ್ನು ವಿವರಿಸಬೇಕಾದುದಿಲ್ಲ.

ಆದಕಾರಣ ಇವೆರಡು ಅಂಗಗಳಿಗೆ ಯಾವ ವಸ್ತುವು ಯೋಗ್ಯವೆಂಬ ಪ್ರಶ್ನೆಯು ಸಾಮಾನ್ಯವಾದುದಲ್ಲ. ಭರತಖಂಡದ ಶಿಲ್ಪಿಗಳು ಎರಡು ಸಾವಿರ ವರ್ಷಗಳಿಗೂ ಮೇಲ್ಪಟ್ಟು ಇದಕ್ಕೆ ಉತ್ತರವನ್ನು ಹುಡುಕುತ್ತ ಬಂದಿರುವರು. ಮೊದಲು ಮರ, ಅನಂತರ ಕಲ್ಲು, ಆಮೇಲೆ ಕಬ್ಬಿಣ, ಕಡೆಗೆ ಸಿಮೆಂಟು, ಹೀಗೆ ಒಂದೊಂದು ಕಾಲದವರೂ ತಮ್ಮ ಕೈಗೆ ದೊರೆತ ಹೊಸ ವಸ್ತುವನ್ನೇ ಶಾಶ್ವತವೆಂದು ಬಗೆದರು. ಚರಿತ್ರೆಯಾದರೋ ಬೇರೊಂದು ಮಾತನ್ನು ಹೇಳುವುದು. ಬಾಳಿಕೆಯ ಗುಟ್ಟು ವಸ್ತುವಿನ ಗುಣದಲ್ಲಿ ಅರ್ಧ. ಉಳಿದರ್ಧವು ನೀರಿನ ದಾರಿಯನ್ನರಿತು ಕಟ್ಟುವುದರಲ್ಲಿಯೂ, ಕಟ್ಟಿದ ಮೇಲೆ ವರ್ಷವರ್ಷವೂ ಕಾಯುವುದರಲ್ಲಿಯೂ ಅಡಗಿರುವುದು. ಈ ಮಾತಿಗೆ ಆಧಾರವಾದ ಸಂಗತಿಗಳನ್ನು ಕ್ರಮವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶವು.

ನಾಡಿನ ಹವೆ

ಕನ್ನಡ ನಾಡಿನಲ್ಲಿ ಒಂದೇ ಬಗೆಯ ಹವೆಯಿಲ್ಲ. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವುದು. ಅದರ ಬಹುಭಾಗವು ಜೂನ್ ತಿಂಗಳಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕೇ ತಿಂಗಳಲ್ಲಿ ಸುರಿಯುವುದು. ಪೂರ್ವಕ್ಕೆ ಸರಿದು ಬಳ್ಳಾರಿಯ ಬಯಲನ್ನು ಸೇರಿದರೆ ಮಳೆಯು ಇದರ ಹತ್ತನೆಯ ಒಂದು ಪಾಲಿನಷ್ಟೂ ಇರದು. ಅಲ್ಲಿ ಬೇಸಗೆಯ ಬಿಸಿಲೇ ಶತ್ರುವು. ಪಡುವಣ ಕರಾವಳಿಯಲ್ಲಿ ಮಳೆಯೊಡನೆ ಕಡಲಿನ ಉಪ್ಪುಗಾಳಿಯೂ ಕೂಡಿಕೊಂಡಿರುವುದು.

ಮರವು ನೀರನ್ನು ಕುಡಿದು ಉಬ್ಬುವುದು, ಬಿಸಿಲಿಗೆ ಒಣಗಿ ಕುಗ್ಗುವುದು. ಈ ಉಬ್ಬು ಕುಗ್ಗುಗಳಿಂದ ಸೀಳು ಬಿಡುವುದು. ಸೀಳಿನೊಳಗೆ ನೀರು ನಿಂತು ಬೂಷ್ಟು ಹಿಡಿಯುವುದು. ಬೂಷ್ಟಿನ ಹಿಂದೆಯೇ ಗೆದ್ದಲು ಬರುವುದು. ಕಬ್ಬಿಣಕ್ಕೆ ನೀರೂ ಗಾಳಿಯೂ ಕೂಡಿದರೆ ತುಕ್ಕು. ಅವುಗಳೊಡನೆ ಉಪ್ಪು ಸೇರಿದರೆ ತುಕ್ಕಿಗೆ ಮಿತಿಯಿಲ್ಲ. ಕಲ್ಲು ಇವೆರಡಕ್ಕೂ ಹೆದರದಿದ್ದರೂ ಪಾಚಿ ಕಟ್ಟಿ ಜಾರುವುದು, ಸಂದಿನಲ್ಲಿ ಗಿಡ ಬೇರುಬಿಟ್ಟರೆ ಬಿರಿಯುವುದು. ಹೀಗೆ ಒಂದೊಂದು ವಸ್ತುವಿಗೂ ಒಂದೊಂದು ವೈರಿಯುಂಟೆಂದು ತಿಳಿದವನೇ ಸರಿಯಾಗಿ ಆರಿಸಬಲ್ಲನು.

ಮರದ ಕೋಟೆಯೂ ಕಲ್ಲಿನ ವೇದಿಕೆಯೂ

ಹವೆಯನ್ನು ನೋಡಿ ವಸ್ತುವನ್ನು ಆರಿಸುವ ಪದ್ಧತಿಯು ಈ ದೇಶದಲ್ಲಿ ಬಹು ಪ್ರಾಚೀನವಾದುದು. ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಯವನ ರಾಯಭಾರಿ ಮೆಗಾಸ್ತನೀಸನ ಬರೆಹವನ್ನು ಆಧರಿಸಿ ಅರಿಯನನೆಂಬ ಗ್ರಂಥಕಾರನು ಹೇಳುವುದೇನೆಂದರೆ, ನದೀತೀರದಲ್ಲಿಯೂ ಕಡಲ ತೀರದಲ್ಲಿಯೂ ಇರುವ ನಗರಗಳನ್ನು ಭಾರತೀಯರು ಮರದಿಂದ ಕಟ್ಟುತ್ತಿದ್ದರು. ಮಳೆಗೂ ನೆರೆಗೂ ಇಟ್ಟಿಗೆಯು ಬಹುಕಾಲ ತಾಳದೆಂಬುದೇ ಅದಕ್ಕೆ ಕಾರಣವು. ಎತ್ತರದ ನೆಲದಲ್ಲಿ ಮಾತ್ರ ಇಟ್ಟಿಗೆ ಮಣ್ಣುಗಳನ್ನು ಬಳಸುತ್ತಿದ್ದರು. ಗಂಗೆಯ ದಂಡೆಯ ಪಾಟಲೀಪುತ್ರಕ್ಕೆ 64 ಬಾಗಿಲುಗಳೂ 570 ಬುರುಜುಗಳೂ ಇದ್ದುವೆಂದೂ ಆತನು ಹೇಳಿರುವನು. ಇದು ಕೇವಲ ಉತ್ಪ್ರೇಕ್ಷೆಯಲ್ಲವೆಂಬುದು 20ನೆಯ ಶತಮಾನದಲ್ಲಿ ಪಟ್ನಾ ನಗರದ ಬುಲಂದಿಬಾಗಿನಲ್ಲಿ ನೆಲವನ್ನು ಅಗೆದಾಗ, ಮರದ ದಿಮ್ಮಿಗಳ ಕೋಟೆಯ ಅವಶೇಷವು ಕಾಣಿಸಿಕೊಂಡುದರಿಂದ ಸಿದ್ಧವಾಯಿತು. ನೆಲದ ಮೇಲಣ ಭಾಗವೆಲ್ಲವೂ ನಾಶವಾಗಿ, ಗಾಳಿಯಾಡದ ಹಸಿಮಣ್ಣಿನಲ್ಲಿ ಹುದುಗಿದ್ದ ಭಾಗವು ಎರಡು ಸಾವಿರ ವರ್ಷ ಉಳಿದಿದ್ದಿತು. ಮರವನ್ನು ಕೆಡಿಸುವುದು ನೀರೊಂದೇ ಅಲ್ಲ, ನೀರೂ ಗಾಳಿಯೂ ಕೂಡಿ ಕೆಡಿಸುವುವೆಂಬ ತತ್ತ್ವಕ್ಕೆ ಇದು ಒಳ್ಳೆಯ ನಿದರ್ಶನವು.

ಮರದ ಬೇಲಿಯನ್ನು ಕಲ್ಲಿಗೆ ತಿರುಗಿಸಿದ ಕಥೆಯು ಇದರ ಮುಂದಿನ ಅಧ್ಯಾಯವು. ಸಾಂಚಿಯ ಮಹಾಸ್ತೂಪದ ಸುತ್ತಲಿರುವ ಶಿಲಾವೇದಿಕೆಯನ್ನು ನೋಡಿದವರಿಗೆ ಅದು ಬಡಗಿಯ ಕೆಲಸವೆಂದೇ ತೋರುವುದು. ನೆಟ್ಟಗೆ ನಿಂತ ಸ್ತಂಭಗಳು, ಅವುಗಳ ಪಕ್ಕದಲ್ಲಿ ಕೊರೆದ ಕುಳಿಗಳಿಗೆ ಸೇರಿಸಿದ ‘ಸೂಚಿ’ ಎಂಬ ಅಡ್ಡಪಟ್ಟಿಗಳು, ಮೇಲೆ ಕೂಡಿಸಿದ ‘ಉಷ್ಣೀಷ’ವೆಂಬ ತಲೆಗಲ್ಲು, ಇವೆಲ್ಲವೂ ಮರದ ಬೇಲಿಯ ಅಂಗಗಳೇ ಸರಿ. ಕಲ್ಲಿಗೆ ಅಂತಹ ಕೂಡುವಿಕೆಯ ಅಗತ್ಯವಿಲ್ಲ. ಆದರೂ ಶಿಲ್ಪಿಯು ಮರದಲ್ಲಿ ಕಲಿತ ವಿದ್ಯೆಯನ್ನೇ ಕಲ್ಲಿಗೂ ಒಪ್ಪಿಸಿದನು. ಅಲೆಗ್ಸಾಂಡರ್ ಕನಿಂಗ್‌ಹಾಮನು 1873ರಲ್ಲಿ ಭಾರ್ಹುತಿನಲ್ಲಿ ಕಂಡುಹಿಡಿದು, ಅನಂತರ ಕೊಲ್ಕತ್ತೆಯ ವಸ್ತುಸಂಗ್ರಹಾಲಯವನ್ನು ಸೇರಿದ ವೇದಿಕೆಯೂ ಇದೇ ಮಾದರಿಯದು. ಕನ್ನಡ ನಾಡಿನ ಮಟ್ಟಿಗೆ, ಕಲಬುರಗಿ ಜಿಲ್ಲೆಯ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ 1990ರ ದಶಕದಲ್ಲಿ ಹೊರಬಿದ್ದ ಸ್ತೂಪವು ಸುಣ್ಣಕಲ್ಲಿನ ಫಲಕಗಳಿಂದ ಕೂಡಿ, ಆ ಕಾಲದ ಶಿಲಾಕರ್ಮದ ಕೌಶಲವನ್ನು ಸಾರುವುದು.

ಹಾಗಾದರೆ ಮರವು ಅಶಾಶ್ವತವೆಂದೂ ಕಲ್ಲು ಶಾಶ್ವತವೆಂದೂ ತೀರ್ಮಾನಿಸಬಹುದೇ? ಅವಸರವು ಸಲ್ಲದು. ಮಹಾರಾಷ್ಟ್ರದ ಕಾರ್ಲೆಯ ಚೈತ್ಯಗುಹೆಯ ಕಮಾನು ಛಾವಣಿಗೆ ಅಳವಡಿಸಿದ ಮರದ ಬಾಗುತೊಲೆಗಳು ಸುಮಾರು 2,000 ವರ್ಷಗಳಾದರೂ ಇಂದಿಗೂ ಅಲ್ಲಿಯೇ ಇರುವುವು. ಅದೇ ಸಹ್ಯಾದ್ರಿಯ ಮಳೆ, ಅದೇ ಹವೆ. ಮೇಲೆ ಬಂಡೆಯ ಮಾಡು ಇದ್ದುದರಿಂದ ಹನಿ ನೀರೂ ತಾಗಲಿಲ್ಲ. ಗಾಳಿಯು ಆಡುತ್ತಿದ್ದುದರಿಂದ ತೇವವು ನಿಲ್ಲಲಿಲ್ಲ. ಸೂರಿನ ಕೆಳಗಣ ಮರವು ಮಳೆಯಲ್ಲಿ ನಿಂತ ಕಬ್ಬಿಣಕ್ಕಿಂತ ಹೆಚ್ಚು ಬಾಳುವುದೆಂಬುದನ್ನು ಕಾರ್ಲೆಯ ತೊಲೆಗಳು ಸಾಕ್ಷಿ ನುಡಿಯುವುವು.

ಕಕ್ಷಾಸನವೂ ಕರಾವಳಿಯ ಕಲ್ಲುಬೇಲಿಯೂ

ಕಲ್ಯಾಣದ ಚಾಲುಕ್ಯರ ಕಾಲದಲ್ಲಿಯೂ ಹೊಯ್ಸಳರ ಕಾಲದಲ್ಲಿಯೂ ದೇವಾಲಯದ ತೆರೆದ ಮಂಟಪಗಳಿಗೆ ಕಟಾಂಜನವು ಹೊಸ ರೂಪವನ್ನು ತಾಳಿತು. ಕುಳಿತವರ ಬೆನ್ನಿಗೆ ಆಸರೆಯಾಗುವಂತೆ ಹೊರಕ್ಕೆ ಬಾಗಿದ ಶಿಲೆಯ ಒರಗು, ಅದೇ ಕಕ್ಷಾಸನವು. ಕುಳಿತುಕೊಳ್ಳುವ ಜಗುಲಿ, ಒರಗುವ ಬೆನ್ನು, ಬೀಳದಂತೆ ತಡೆಯುವ ಅಡ್ಡ, ಈ ಮೂರೂ ಒಂದರಲ್ಲಿಯೇ ಸೇರಿದುವು. ಮೇಲಿನಿಂದ ಮುಂಚಾಚಿದ ಕಪೋತವು ಅದಕ್ಕೆ ಕೊಡೆಯಾಗಿರುವುದು; ಇಳಿಜಾರಾದ ಹೊರಮೈಯಿಂದ ಹನಿದ ನೀರು ಹೊರಕ್ಕೇ ಜಾರುವುದು. ಅಲಂಕಾರವೆಂದು ಕಾಣುವ ಅಂಗದಲ್ಲಿ ಉಪಯೋಗವು ಅಡಗಿರುವುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆಯು ದುರ್ಲಭ.

ಘಟ್ಟವನ್ನಿಳಿದು ಕರಾವಳಿಯನ್ನು ಸೇರಿದರೆ ಕಾಣುವ ದೃಶ್ಯವೇ ಬೇರೆ. ಭಟ್ಕಳದ ಖೇತಪಯ್ಯ ನಾರಾಯಣ ದೇವಾಲಯವನ್ನು ಸುತ್ತುವರಿದ ಬೇಲಿಯು ಕಲ್ಲಿನದು. ಆದರೆ ಕಂಬಗಳ ನಡುವೆ ಚಪ್ಪಡಿಗಳನ್ನು ಹಲಗೆಗಳಂತೆ ಸೇರಿಸಿರುವ ರೀತಿಯು ಮರದ್ದು. ಮಾಡೂ ಇಳಿಜಾರಾದ ಕಲ್ಲುಚಪ್ಪಡಿಗಳಿಂದ ಕೂಡಿರುವುದು. ಈ ಪ್ರದೇಶದ ದೇವಾಲಯ ಬಸದಿಗಳನ್ನು ನೋಡಿ ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸನು 1876ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ, ಇವು ದಾರುಶಿಲ್ಪದಿಂದ ಹುಟ್ಟಿದುವೆಂದೂ ನೇಪಾಳದ ಕಟ್ಟಡಗಳನ್ನು ಹೋಲುವುವೆಂದೂ ಅಭಿಪ್ರಾಯಪಟ್ಟಿರುವನು. ಎರಡು ನಾಡುಗಳಲ್ಲಿಯೂ ಮಳೆಯು ವಿಶೇಷವಾದುದರಿಂದ ಇಳಿಜಾರು ಮಾಡು ಎರಡೆಡೆಗೂ ಒಪ್ಪುವುದು.

ಮೂಡಬಿದಿರೆಯಲ್ಲಿ ಕ್ರಿ.ಶ. 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯು ಈ ವಿವೇಕಕ್ಕೆ ಮುಕುಟಪ್ರಾಯವಾದುದು. ನೆಲಕ್ಕೆ ಹತ್ತಿರದ ಭಾಗಗಳೆಲ್ಲವೂ ಶಿಲೆ, ಮೇಲಂತಸ್ತು ಮರ, ಅದರ ಮೇಲೆ ತಾಮ್ರದ ತಗಡಿನ ಹೊದಿಕೆ. ನೆಲದ ತೇವವೂ ಗೆದ್ದಲೂ ತಾಗುವಲ್ಲಿ ಕಲ್ಲು, ಭಾರವು ಹಗುರವಾಗಬೇಕಾದಲ್ಲಿ ಮರ, ಮಳೆಯು ನೇರವಾಗಿ ಬೀಳುವಲ್ಲಿ ತುಕ್ಕು ಹಿಡಿಯದ ಲೋಹ. ಒಂದೊಂದನ್ನೂ ಅದರದರ ಸ್ಥಾನದಲ್ಲಿ ನಿಲ್ಲಿಸಿರುವರು. ಯಾವ ವಸ್ತುವು ಶ್ರೇಷ್ಠವೆಂದು ಅಲ್ಲಿನ ಶಿಲ್ಪಿಗಳು ಕೇಳಲಿಲ್ಲ; ಯಾವುದು ಎಲ್ಲಿಗೆ ಶ್ರೇಷ್ಠವೆಂದು ಕೇಳಿದರು.

ಕರಾವಳಿಯ ಸಾಮಾನ್ಯ ಗೃಹಗಳಿಗೆ ಆಧಾರವಾದುದು ಮುರಕಲ್ಲು. 1800-1801ರಲ್ಲಿ ಮೈಸೂರು, ಕನ್ನಡ, ಮಲಬಾರು ಸೀಮೆಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನು ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರನ್ನಿಟ್ಟನು. ನೆಲದಿಂದ ಕಡಿಯುವಾಗ ಮೃದುವಾಗಿದ್ದು, ಗಾಳಿ ಬಿಸಿಲುಗಳಿಗೆ ಒಡ್ಡಿದಂತೆ ಗಟ್ಟಿಯಾಗುವುದು ಇದರ ವಿಶೇಷ ಗುಣವು. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಹುಲ್ಲು ಸೋಗೆಗಳ ಮಾಡುಗಳಿದ್ದ ಎಷ್ಟೋ ಮನೆಗಳಿಗೆ ಹೆಂಚಿನ ಸೂರು ದೊರೆತು, ಅದರ ಕೆಳಗಣ ಮರದ ಅಟ್ಟ ಕಟಾಂಜನಗಳ ಆಯುಸ್ಸೂ ಬೆಳೆಯಿತು.

ಮಲೆನಾಡಿನ ದಾರುವಿದ್ಯೆ

ಮಲೆನಾಡನ್ನು 16ನೆಯ ಶತಮಾನದ ಮೊದಲಿನಿಂದ 1763ರಲ್ಲಿ ಹೈದರಲಿಯು ಬಿದನೂರನ್ನು ಹಿಡಿಯುವವರೆಗೆ ಆಳಿದ ಕೆಳದಿಯ ನಾಯಕರು ವೀರಶೈವ ಮಠಗಳಿಗೆ ಆಶ್ರಯದಾತರಾಗಿದ್ದುದು ಶಿಷ್ಯವರ್ಗಕ್ಕೆ ಸುವಿದಿತವೇ ಆಗಿರುವುದು. ಆ ವಂಶದ ಬಸವಭೂಪಾಲನು ರಚಿಸಿದ ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ವಿಶ್ವಕೋಶವು ಆ ಅರಸರ ವಿದ್ಯಾಭಿರುಚಿಗೆ ನಿದರ್ಶನವು. ಅವರ ಕಟ್ಟಡಗಳಲ್ಲಿ ಕಲ್ಲೂ ಮರವೂ ಒಡಹುಟ್ಟಿದವುಗಳಂತೆ ಕೂಡಿರುವುವು. ಕೆಳದಿಯ ಪಾರ್ವತಿಯ ಗುಡಿಯಲ್ಲಿ ಹೂಬಳ್ಳಿಗಳಿಂದ ಕೆತ್ತಿದ ಮರದ ಒಳಛಾವಣಿಯನ್ನು ಈಗಲೂ ನೋಡಬಹುದು. ತೀರ್ಥಹಳ್ಳಿ ಸೀಮೆಯ ಕವಲೆದುರ್ಗದ ಗತಿಯು ಇದಕ್ಕೆ ವಿಪರೀತವಾದುದು. ಅಲ್ಲಿ ಅರಮನೆಯ ಕಲ್ಲಿನ ನೆಲಗಟ್ಟೂ, ನೀರಿನ ಕಾಲುವೆಗಳೂ ಉಳಿದಿರುವುವು. ಮೇಲಣ ಕಟ್ಟಡವು ಅಳಿದಿರುವುದು. ಒಂದೆಡೆ ದಿನವೂ ದೀಪ ಹಚ್ಚುವ, ಹೆಂಚು ಸರಿಸುವ ಜನರಿದ್ದರು. ಇನ್ನೊಂದೆಡೆ ಜನರು ಬಿಟ್ಟುಹೋದರು. ಮರದ ಆಯುಸ್ಸು ಮನುಷ್ಯರ ಲಕ್ಷ್ಯದ ಆಯುಸ್ಸಿನೊಡನೆ ಕಟ್ಟಿಹಾಕಿದುದೆಂಬುದನ್ನು ಈ ಎರಡು ಸ್ಥಳಗಳು ಕೂಡಿ ಹೇಳುವುವು.

ಮಲೆನಾಡಿನ ಬಡಗಿಗಳು ಮರವನ್ನು ಆರಿಸುತ್ತಿದ್ದ ಕ್ರಮವು ಗಮನಾರ್ಹವಾದುದು. ತೇಗ, ಬೀಟೆ, ಹೊನ್ನೆ, ಮತ್ತಿ, ನಂದಿ, ಹಲಸು, ಜಂಬೆ, ಕಿರಾಲಭೋಗಿ ಇವು ಆ ಕಾಡುಗಳ ಮುಖ್ಯ ಮರಗಳು. ಹಲಸು ಒಳಗಣ ಬಾಗಿಲು ಪೆಟ್ಟಿಗೆಗಳಿಗೆ ಸೊಗಸು. ಬೀಟೆಯು ಕೆತ್ತನೆಗೂ ಪೀಠಗಳಿಗೂ ಪ್ರಸಿದ್ಧ. ಮಳೆಗೂ ನೆಲಕ್ಕೂ ತಾಗುವ ಕೆಲಸಕ್ಕೆ ಜಂಬೆ, ಭೋಗಿಗಳಂತಹ ಗಡುಸು ಮರವೇ ಬೇಕು. ಜಂಬೆಯನ್ನು ಮುಂದೆ ರೈಲುಹಳಿಗಳ ಕೆಳಗಣ ಅಡ್ಡಪಟ್ಟಿಗಳಿಗೂ ಬಳಸಿದರು. ಯಾವ ಜಾತಿಯ ಮರವೇ ಆಗಲಿ, ಅದರ ನಡುವಿನ ಚೇಗು ಮಾತ್ರವೇ ಬಾಳುವುದು. ತೊಗಟೆಯ ಒಳಗಣ ಬಿಳಿಯ ಪದರವು ಗೆದ್ದಲಿಗೆ ಸಿಹಿತಿಂಡಿಯಿದ್ದಂತೆ. ತೇಗದ ಹೆಸರಿನಲ್ಲಿ ಎಳೆಯ ಮರದ ಬಿಳಿ ಹಲಗೆಯನ್ನು ಕೊಂಡವನು ಹೆಸರನ್ನು ಕೊಂಡನಲ್ಲದೆ ಗುಣವನ್ನು ಕೊಳ್ಳಲಿಲ್ಲ.

ಮರವನ್ನು ರಸವಿಳಿದ ಒಣಗಾಲದಲ್ಲಿ, ಅದರಲ್ಲಿಯೂ ಕೃಷ್ಣಪಕ್ಷದಲ್ಲಿ, ಕಡಿಯಬೇಕೆಂಬುದು ಹಿರಿಯರ ರೂಢಿಯಾಗಿದ್ದಿತು. ದಿಮ್ಮಿಯನ್ನು ನೀರಿನಲ್ಲಿ ನೆನೆಯಿಟ್ಟು ರಸವನ್ನು ಹೋಗಲಾಡಿಸಿ, ನೆರಳಿನಲ್ಲಿ ಒಣಗಿಸಿದ ಮೇಲೆಯೇ ಕೊಯ್ಯುತ್ತಿದ್ದರು. ಕಂಬವನ್ನು ನೆಲದಲ್ಲಿ ಹೂಳದೆ ಕಲ್ಲಿನ ಪೀಠದ ಮೇಲೆ ನಿಲ್ಲಿಸುತ್ತಿದ್ದರು. ಈ ಒಂದು ಚಿಕ್ಕ ಉಪಾಯದ ಬೆಲೆಯೇನೆಂಬುದನ್ನು ದೂರದ ನಾರ್ವೆ ದೇಶದ ಉದಾಹರಣೆಯಿಂದ ತಿಳಿಯಬಹುದು. ಆ ಶೀತದೇಶದಲ್ಲಿ ಮೊದಮೊದಲು ಇಗರ್ಜಿಗಳ ಕಂಬಗಳನ್ನು ಮಣ್ಣಿನಲ್ಲಿ ಹೂಳುತ್ತಿದ್ದುದರಿಂದ ಬುಡವು ಕೊಳೆತು ಅವು ನಾಶವಾದುವು. ಅನಂತರ ಕಂಬಗಳನ್ನು ಕಲ್ಲಿನ ಮೇಲಿಟ್ಟ ತೊಲೆಗಳಲ್ಲಿ ನಿಲ್ಲಿಸಿ, ಆಗಾಗ ಮರದ ಡಾಂಬರನ್ನು ಬಳಿಯುತ್ತ ಬಂದುದರಿಂದ, ಸುಮಾರು 1180ರಲ್ಲಿ ಕಟ್ಟಿದ ಬೋರ್ಗುಂಡಿನ ಇಗರ್ಜಿಯು ಇಂದಿಗೂ ನಿಂತಿರುವುದು. ಹಿಮದ ನಾಡಿನವರೂ ಮಳೆಯ ನಾಡಿನವರೂ ಒಬ್ಬರನ್ನೊಬ್ಬರು ಅರಿಯದೆಯೇ ಒಂದೇ ಸತ್ಯವನ್ನು ಕಂಡುಕೊಂಡರು.

ಮಲೆನಾಡಿನವರ ಇನ್ನೊಂದು ಪದ್ಧತಿಯು ಇನ್ನೂ ಸರಳವಾದುದು. ಮಳೆಗಾಲವು ಹತ್ತಿರವಾಗುತ್ತಲೇ ಜಗುಲಿಗೂ ಗೋಡೆಗೂ ಅಡಕೆಯ ಸೋಗೆಯ ತಟ್ಟಿಗಳನ್ನು ಕಟ್ಟುವರು; ಎರಚಲು ನೀರು ತಟ್ಟಿಗೆ ತಾಗಿ ಇಳಿದುಹೋಗುವುದು. ಮಳೆಯು ಮುಗಿದೊಡನೆ ತಟ್ಟಿಯನ್ನು ಬಿಚ್ಚುವರು. ಒಂದು ವರ್ಷವೂ ಬಾಳದ ಸೋಗೆಯು ನೂರು ವರ್ಷ ಬಾಳುವ ಕಂಬವನ್ನು ಕಾಯುವುದು. ಅಲ್ಪಾಯುವಾದ ವಸ್ತುವಿಗೂ ಕಟ್ಟಡದಲ್ಲಿ ಗೌರವದ ಸ್ಥಾನವುಂಟು.

ಹಡಗಿನ ಹಲಗೆಹಾಸು

ಹಲಗೆಯ ಹಾಸಿಗೆ ಕಠಿನತಮ ಪರೀಕ್ಷೆಯು ಹಡಗಿನ ಮೇಲೆಯೇ ನಡೆಯುವುದು. ಉಪ್ಪುನೀರು, ಬಿಸಿಲು, ಬಿರುಗಾಳಿ, ನಾವಿಕರ ತುಳಿತ ಇವೆಲ್ಲವನ್ನೂ ಅದು ಒಂದೇ ದಿನದಲ್ಲಿ ತಾಳಬೇಕು. ಪಡುವಣ ಕರಾವಳಿಯ ಕಾಡುಗಳ ತೇಗವು ಈ ಪರೀಕ್ಷೆಯಲ್ಲಿ ಜಗತ್ಪ್ರಸಿದ್ಧವಾಯಿತು. ಐರೋಪ್ಯರ ಓಕ್ ಮರದ ಒಗರು ಆಮ್ಲವು ಅದಕ್ಕೆ ಬಡಿದ ಕಬ್ಬಿಣದ ಮೊಳೆಯನ್ನು ತಿನ್ನುವುದು. ತೇಗದ ಸಹಜವಾದ ಎಣ್ಣೆಯು ನೀರನ್ನೂ ಹುಳವನ್ನೂ ದೂರವಿಡುವುದಲ್ಲದೆ ಕಬ್ಬಿಣಕ್ಕೂ ಕೇಡು ಮಾಡದು. ಮುಂಬಯಿಯ ಹಡಗುಕಟ್ಟೆಯಲ್ಲಿ ಪಾರಸೀಕರಾದ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕಾಮಲಿ’ ಎಂಬ ಯುದ್ಧನೌಕೆಯು ಎರಡು ಶತಮಾನಗಳು ಕಳೆದರೂ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಬಂದರಿನಲ್ಲಿ ತೇಲುತ್ತಿರುವುದು.

ಈ ಕೀರ್ತಿಗೆ ಕಾಡು ತೆತ್ತ ಬೆಲೆಯು ಅಲ್ಪವಲ್ಲ. ಒಳ್ಳೆಯ ತೇಗವು ವಿರಳವಾಗುತ್ತ ಬಂದುದರಿಂದಲೇ 1840ರ ದಶಕದಲ್ಲಿ ಮಲಬಾರಿನ ಕಲೆಕ್ಟರನಾಗಿದ್ದ ಕೊನೊಲಿಯು ನಿಲಂಬೂರಿನಲ್ಲಿ ಚಾತು ಮೇನೋನರ ಸಹಾಯದಿಂದ ತೇಗದ ತೋಟವನ್ನು ಬೆಳೆಸಬೇಕಾಯಿತು. ಬಾಳಿಕೆಯುಳ್ಳ ವಸ್ತುವನ್ನು ಆರಿಸುವವನು ಅದು ಮತ್ತೆ ಬೆಳೆಯುವ ಕಾಲವನ್ನೂ ಎಣಿಸಬೇಕೆಂಬ ಪಾಠವು ಇದರಲ್ಲಿರುವುದು. ನೂರು ವರ್ಷದ ಮರವನ್ನು ಕಡಿದು ಇಪ್ಪತ್ತು ವರ್ಷಕ್ಕೆ ಕೊಳೆಯುವಂತೆ ಕಟ್ಟಿದರೆ ಅದು ಕಾಡಿಗೂ ಕಟ್ಟಡಕ್ಕೂ ಬಗೆದ ದ್ರೋಹವೇ ಸರಿ.

ಬೆಂಕಿ ಮತ್ತು ಕಬ್ಬಿಣ

ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್, ಬೆಂಗಳೂರಿನಲ್ಲಿ 1791ರಲ್ಲಿ ಮುಗಿದ ಟೀಪುವಿನ ಅರಮನೆ, ಇವೆರಡರಲ್ಲಿಯೂ ಮರದ ಕಂಬ ಮೊಗಸಾಲೆಗಳು ಮಾಡಿನ ಆಶ್ರಯದಲ್ಲಿ ಇಂದಿಗೂ ನಿಂತಿರುವುವು. ಆದರೆ ಮರಕ್ಕೆ ನೀರಿನಷ್ಟೇ ಭಯಂಕರವಾದ ಇನ್ನೊಂದು ವೈರಿಯುಂಟು. 1897ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಮೈಸೂರಿನ ಹಳೆಯ ಮರದ ಅರಮನೆಯು ಬೆಂಕಿಗೆ ಆಹುತಿಯಾಯಿತು. ಹೆನ್ರಿ ಅರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ 1912ರಲ್ಲಿ ಪೂರ್ಣವಾದ ಹೊಸ ಅರಮನೆಗೆ ಕಲ್ಲನ್ನು ಮುಖ್ಯವಾಗಿ ಬಳಸಿ, ಕಲ್ಯಾಣಮಂಟಪಕ್ಕೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಎರಕಹೊಯ್ದ ಕಬ್ಬಿಣದ ಕಂಬಗಳನ್ನು ತರಿಸಿದರು. ಆ ಕಾಲದಲ್ಲಿ ಸೀಮೆಯಿಂದ ಬಂದ ಎರಕದ ಕಬ್ಬಿಣದ ಕಟಾಂಜನಗಳು ಅನೇಕ ಶ್ರೀಮಂತರ ಉಪ್ಪರಿಗೆಗಳನ್ನೂ ಸೇರಿದುವು.

ಮೈಸೂರಿನ ಹಿತವಾದ ಹವೆಯಲ್ಲಿ ಮಾಡಿನ ಕೆಳಗೆ ನಿಂತ ಕಬ್ಬಿಣವು ಬಣ್ಣದ ಹೊದಿಕೆಯಿಂದಲೇ ಬಾಳಿತು. ಕಡಲ ತೀರದಲ್ಲಿ ಅದೇ ಕಬ್ಬಿಣವು ಬಣ್ಣದ ಒಂದು ಬಿರುಕಿನಿಂದಲೇ ಒಳಗೊಳಗೆ ತುಕ್ಕು ಹಿಡಿದು ಹೊಪ್ಪಳೆಯೇಳುವುದು. ಹಾಗೆಂದು ಕಬ್ಬಿಣವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಾಗದು. ದೆಹಲಿಯ ಗುಪ್ತರ ಕಾಲದ ಲೋಹಸ್ತಂಭವು ಸುಮಾರು 1,600 ವರ್ಷ ಬಯಲಿನಲ್ಲಿ ನಿಂತಿರುವುದು; ಅದರ ಕಬ್ಬಿಣದಲ್ಲಿ ರಂಜಕದ ಅಂಶವು ಅಧಿಕವಾಗಿದ್ದು, ಮೇಲ್ಮೈಯಲ್ಲಿ ರಕ್ಷಕವಾದ ತೆಳುಪದರವು ಕಟ್ಟಿಕೊಂಡುದೇ ಕಾರಣವೆಂದು ಲೋಹಶಾಸ್ತ್ರಜ್ಞರು ನಿರ್ಣಯಿಸಿರುವರು. ಮಲೆನಾಡಿನ ಘೋರವಾದ ಮಳೆಯ ನಡುವೆ, ಕೊಡಚಾದ್ರಿಯಲ್ಲಿ ಮೂಕಾಂಬಿಕೆಯ ಮೂಲಸ್ಥಾನವೆಂದು ಭಕ್ತರು ನಂಬುವ ಗುಡಿಯೆದುರು ನಿಂತ ಕಬ್ಬಿಣದ ಕಂಬವೂ ವಿದ್ವಾಂಸರ ಲಕ್ಷ್ಯವನ್ನು ಸೆಳೆದಿರುವುದು. ಇವು ಇದ್ದಲಿನ ಕುಲುಮೆಯಲ್ಲಿ ಕರಗಿಸಿ ಸುತ್ತಿಗೆಯಿಂದ ಬಡಿದು ಮಾಡಿದ ಲೋಹಗಳು. ಪೇಟೆಯಲ್ಲಿ ದೊರೆಯುವ ಸಾಮಾನ್ಯ ಕಂಬಿಯನ್ನು ಇವುಗಳೊಡನೆ ಹೋಲಿಸುವುದು ತಪ್ಪಾಗುವುದು.

1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿಯು ಉಕ್ಕಿಗೆ ಕ್ರೋಮಿಯಮನ್ನು ಬೆರೆಸಿ ಕಲೆ ಹಿಡಿಯದ ಉಕ್ಕನ್ನು ಸಿದ್ಧಪಡಿಸಿದ ಮೇಲೆ ಕಟಾಂಜನಕ್ಕೆ ಹೊಸ ಲೋಹವೊಂದು ದೊರೆಯಿತು. ಕಡಲ ತೀರಕ್ಕೆ ಅದರಲ್ಲಿಯೂ ಮಾಲಿಬ್ಡಿನಮ್ ಬೆರೆತ ಜಾತಿಯೇ ಯೋಗ್ಯವು; ಇಲ್ಲವಾದರೆ ಹೊಳಪಿನ ಮೇಲೆ ಕೆಂಪು ಚುಕ್ಕೆಗಳು ಬೇಗನೆ ಮೂಡುವುವು.

ಮರಕ್ಕೆ ಮದ್ದು

ಮರಕ್ಕೆ ಲೇಪನವನ್ನು ಕೊಟ್ಟು ಆಯುಸ್ಸನ್ನು ಹೆಚ್ಚಿಸುವ ವಿದ್ಯೆಯೂ ಪುರಾತನವೇ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪಕ್ಕಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವನು. ಎಳೆಯ ತಿಂದುಕ ಕಪಿತ್ಥ ಫಲಗಳು, ಬೂರುಗದ ಹೂ, ಬಜೆ ಮುಂತಾದುವನ್ನು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಪಾಲಿಗೆ ಇಳಿಸಿ, ಅದಕ್ಕೆ ಗುಗ್ಗುಳ, ಭಲ್ಲಾತಕ, ಸರ್ಜರಸ, ಅಗಸೆ, ಬಿಲ್ವಗಳನ್ನು ಬೆರೆಸಬೇಕೆಂಬುದು ಆತನ ವಿಧಿಯು. ಅಂಟು, ರಾಳ, ಒಣಗುವ ಎಣ್ಣೆ ಇವು ಕೂಡಿ ನೀರನ್ನು ತಡೆಯುವುವೆಂಬ ಅರಿವು ಅದರಲ್ಲಿ ಸ್ಪಷ್ಟವಾಗಿರುವುದು. ಕರಾವಳಿಯವರು ದೋಣಿಗಳಿಗೂ ಮರಮುಟ್ಟುಗಳಿಗೂ ಗೇರೆಣ್ಣೆಯನ್ನು ಬಳಿಯುವುದು ಇದೇ ಅರಿವಿನ ಮುಂದುವರಿಕೆಯು.

1838ರಲ್ಲಿ ಜಾನ್ ಬೆಥೆಲ್ ಎಂಬಾತನು ಕಲ್ಲಿದ್ದಲಿನ ಡಾಂಬರೆಣ್ಣೆಯನ್ನು ಒತ್ತಡದಿಂದ ಮರದೊಳಕ್ಕೆ ಸೇರಿಸುವ ಕ್ರಮಕ್ಕೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರವನ್ನು ಪಡೆದನು. ಅದಕ್ಕೂ ಮಿಗಿಲಾದ ಶೋಧವು ಭಾರತದಲ್ಲಿಯೇ ನಡೆಯಿತೆಂಬುದು ಹೆಮ್ಮೆಯ ಸಂಗತಿಯು. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿ ಸೋಂಟಿ ಕಾಮೇಶಂ ಎಂಬ ಆಂಧ್ರ ವಿದ್ವಾಂಸರು ತಾಮ್ರ, ಕ್ರೋಮಿಯಮ್, ಪಾಷಾಣ ಇವುಗಳ ಲವಣಗಳ ಮಿಶ್ರಣವನ್ನು ಕಂಡುಹಿಡಿದರು. ತಾಮ್ರವು ಬೂಷ್ಟನ್ನೂ ಪಾಷಾಣವು ಗೆದ್ದಲನ್ನೂ ಕೊಲ್ಲುವುದು. ಕ್ರೋಮಿಯಮ್ ಅವೆರಡನ್ನೂ ಮರದ ನಾರಿಗೆ ಬಂಧಿಸುವುದು. ಅಗ್ಗವಾದ ಮೆದುಮರವೂ ಇದರಿಂದ ದಶಕಗಟ್ಟಲೆ ಬಾಳಿತು. ಅಮೆರಿಕೆಯಲ್ಲಿ ಅಸಂಖ್ಯಾತ ಮನೆಗಳ ಹಲಗೆಹಾಸುಗಳೂ ಕಟಾಂಜನಗಳೂ ಈ ಮದ್ದಿನ ಮರದಿಂದಲೇ ನಿರ್ಮಿತವಾದುವು. ಆದರೆ ಪಾಷಾಣವು ಅಲ್ಪಸ್ವಲ್ಪವಾಗಿ ಹೊರಸೋರಿ, ಮಕ್ಕಳ ಕೈಗೂ ಮಣ್ಣಿಗೂ ತಾಗುವುದೆಂಬ ಭಯದಿಂದ 2003ರ ಕೊನೆಗೆ ಅಲ್ಲಿ ಮನೆಗಳ ಉಪಯೋಗಕ್ಕೆ ಇದನ್ನು ನಿಲ್ಲಿಸಿದರು. ತಾಮ್ರದ ಬೇರೆ ಮದ್ದುಗಳು ಆ ಸ್ಥಾನಕ್ಕೆ ಬಂದುವು. ಕೈ ತಾಗುವ ಕಂಬಿಗೂ ಮಗು ತೆವಳುವ ಹಾಸಿಗೂ ಮದ್ದನ್ನು ಆರಿಸುವಾಗ ಗೆದ್ದಲಿನ ಆಯುಸ್ಸನ್ನಷ್ಟೇ ಅಲ್ಲದೆ ಮನುಷ್ಯರ ಆಯುಸ್ಸನ್ನೂ ಎಣಿಸಬೇಕಾಗುವುದು.

ಸಿಮೆಂಟಿನ ಭ್ರಾಂತಿ

ಕಬ್ಬಿಣದ ಸರಳುಗಳನ್ನು ಒಳಗಿಟ್ಟು ಎರೆದ ಸಿಮೆಂಟು ಕಾಂಕ್ರೀಟು 20ನೆಯ ಶತಮಾನದಲ್ಲಿ ಎಲ್ಲೆಡೆಯೂ ಹಬ್ಬಿದಾಗ, ಕೊಳೆಯದ, ಸುಡದ, ಗೆದ್ದಲು ತಿನ್ನದ ವಸ್ತುವು ಕಡೆಗೂ ದೊರೆಯಿತೆಂದು ಜನರು ಹಿಗ್ಗಿದರು. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕಡಲಿನ ಮರಳನ್ನು ತೊಳೆಯದೆ ಬೆರೆಸಿದಲ್ಲಿಯೂ, ಸರಳಿನ ಮೇಲಣ ಹೊದಿಕೆಯು ತೆಳುವಾದಲ್ಲಿಯೂ, ತೇವವೂ ಉಪ್ಪೂ ಒಳಹೊಕ್ಕು ಸರಳು ತುಕ್ಕು ಹಿಡಿಯುವುದು. ತುಕ್ಕು ಕಬ್ಬಿಣಕ್ಕಿಂತ ಹಲವು ಮಡಿ ಜಾಗವನ್ನು ಬೇಡುವುದರಿಂದ ಗಾರೆಯು ಬಿರಿದು ಉದುರುವುದು. ಮರದ ಕಟಾಂಜನದಲ್ಲಿ ಒಂದು ಕಂಬಿಯು ಕೆಟ್ಟರೆ ಬಡಗಿಯು ಅದನ್ನು ಬಿಚ್ಚಿ ಬೇರೊಂದನ್ನು ಕೂಡಿಸುವನು. ಕಾಂಕ್ರೀಟಿನ ಒಳಗಣ ಕೇಡು ಹೊರಗೆ ಕಾಣುವ ವೇಳೆಗೆ ಬಹು ತಡವಾಗಿರುವುದು. ಜೀರ್ಣೋದ್ಧಾರದ ಉತ್ಸಾಹದಲ್ಲಿ ಗಟ್ಟಿಮುಟ್ಟಾದ ಹಳೆಯ ಮರದ ಪಡಸಾಲೆಯನ್ನು ಕಿತ್ತು ಸಿಮೆಂಟಿನ ಚಪ್ಪಡಿಯನ್ನು ಹಾಕುವವರು ಈ ಅಂಶವನ್ನು ಮರೆಯಬಾರದು.

ಕಾಲುಸಂಕದಿಂದ ತೂಗುಸೇತುವೆಗೆ

ಈ ವಿಷಯವು ಕೇವಲ ಅರಮನೆ ಗುಡಿಗಳದಲ್ಲ, ಬಡವರ ಪ್ರಾಣದ ಪ್ರಶ್ನೆಯೂ ಹೌದೆಂಬುದಕ್ಕೆ ಮಲೆನಾಡು ಕರಾವಳಿಗಳ ಕಾಲುಸಂಕಗಳೇ ಸಾಕ್ಷಿ. ಹಳ್ಳದ ಎರಡು ದಡಗಳಿಗೆ ಅಡಕೆಯ ಇಲ್ಲವೆ ಕಾಡುಮರದ ದಬ್ಬೆಗಳನ್ನು ಹಾಸಿ, ಪಕ್ಕದಲ್ಲಿ ಒಂದು ಬಿದಿರನ್ನೋ ಹಗ್ಗವನ್ನೋ ಕೈಗೆ ಕಟ್ಟಿದರೆ ಸಂಕವಾಯಿತು. ಬೇಸಗೆಯಲ್ಲಿ ಅದರ ಅಗತ್ಯವಿಲ್ಲ. ಮಳೆಗಾಲದಲ್ಲಿ ಅಗತ್ಯವಾದಾಗಲೇ ಅದು ಪಾಚಿ ಕಟ್ಟಿ ಜಾರುವುದು. ಶಾಲೆಗೆ ಹೋಗುವ ಮಕ್ಕಳು ಇಂತಹ ಸಂಕಗಳಿಂದ ಹಳ್ಳಕ್ಕೆ ಬಿದ್ದು ಜೀವ ಕಳೆದುಕೊಂಡ ದುಃಖದ ಸಂಗತಿಗಳು ಈ ಶತಮಾನದಲ್ಲಿಯೂ ನಡೆದಿರುವುವು. ಗಟ್ಟಿಯಾದ ಹಾಸು, ಕೈಗೆ ಸಿಕ್ಕುವ ಕಟಾಂಜನ, ಇವೆರಡು ಇದ್ದಿದ್ದರೆ ಆ ಮಕ್ಕಳು ಮನೆಗೆ ಮರಳುತ್ತಿದ್ದರು.

ಸುಳ್ಯದ ಗಿರೀಶ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನೀ ನದಿಗೆ ಉಕ್ಕಿನ ಹಗ್ಗಗಳ ತೂಗುಸೇತುವೆಯನ್ನು ಕಟ್ಟಿದುದು ಈ ದುಃಖಕ್ಕೆ ದೊರೆತ ಒಂದು ಉತ್ತರವು. ಅನಂತರ ಅವರು ಕರ್ನಾಟಕದಲ್ಲಿಯೂ ಹೊರಗಣ ಪ್ರಾಂತಗಳಲ್ಲಿಯೂ ನೂರಕ್ಕೂ ಮಿಕ್ಕಿ ಕಾಲುಸೇತುವೆಗಳನ್ನು ನಿರ್ಮಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು. ನಡುನೀರಿನಲ್ಲಿ ಕಂಬವಿಲ್ಲದಿರುವುದರಿಂದ ನೆರೆಯ ಕಸಕಡ್ಡಿಗೆ ತಡೆಯಿಲ್ಲ. ಹಾಸಿನ ಎರಡು ಪಕ್ಕಗಳಲ್ಲಿಯೂ ಕೈಹಿಡಿಯುವ ಆಸರೆಯುಂಟು. ಆದರೂ ಉಕ್ಕಿನ ಹಗ್ಗಕ್ಕೆ ಕೀಲೆಣ್ಣೆ, ಕಂಬಿಗೆ ಬಣ್ಣ, ಹಾಸಿಗೆ ದುರಸ್ತಿ, ಇವು ಕಾಲಕಾಲಕ್ಕೆ ನಡೆಯಲೇಬೇಕು. ಕಟ್ಟಿದವರ ಕೆಲಸವು ಮುಗಿದಲ್ಲಿ ಊರವರ ಕೆಲಸವು ಮೊದಲಾಗುವುದು.

ಉಪಸಂಹಾರ

ಮೇಲ್ಕಂಡ ಚರಿತ್ರೆಯಿಂದ ಕೆಲವು ಸೂತ್ರಗಳನ್ನು ಸಂಗ್ರಹಿಸಬಹುದು. ನೆಲಕ್ಕೆ ತಾಗುವಲ್ಲಿ ಕಲ್ಲು, ಸೂರಿನ ಕೆಳಗೆ ಮರ, ಉಪ್ಪುಗಾಳಿಯಲ್ಲಿ ತುಕ್ಕು ಹಿಡಿಯದ ಲೋಹ. ಹಲಗೆಹಲಗೆಗಳ ನಡುವೆ ನೀರಿಳಿಯುವಷ್ಟು ಸಂದು. ಹಾಸಿಗೆ ಹೊರಕ್ಕೆ ತುಸು ಇಳಿಜಾರು. ಕಂಬಿಯ ತಲೆಯ ಮೇಲೆ ನೀರು ನಿಲ್ಲದಂತೆ ದುಂಡಾದ ಇಲ್ಲವೆ ಓರೆಯಾದ ಪಟ್ಟಿ. ಕೆಟ್ಟ ಅಂಗವನ್ನು ಮಾತ್ರ ಬಿಚ್ಚಿ ಬದಲಾಯಿಸಲು ಬರುವಂತಹ ಕೂಡುವಿಕೆ. ಎಲ್ಲಕ್ಕಿಂತ ಮಿಗಿಲಾಗಿ, ಮಳೆಗೆ ಮುಂಚೆ ಒಮ್ಮೆ, ಮಳೆಯ ತರುವಾಯ ಒಮ್ಮೆ, ಪ್ರತಿಯೊಂದು ಕಂಬಿಯನ್ನೂ ಕೈಯಿಂದ ಅಲುಗಿಸಿ ನೋಡುವ ನಿಯಮ.

ಮಠದ ಕಟ್ಟಡವನ್ನು ಕಟ್ಟಿಸುವ ದಾನಿಯ ಹೆಸರನ್ನು ಶಿಲೆಯ ಮೇಲೆ ಕೆತ್ತುವುದು ವಾಡಿಕೆ. ಪ್ರತಿವರ್ಷವೂ ಏಣಿಯನ್ನೇರಿ ಹೆಂಚನ್ನು ಸರಿಪಡಿಸಿದವನ, ಹಲಗೆಗೆ ಎಣ್ಣೆಯನ್ನು ಬಳಿದವನ, ಸಡಿಲಾದ ಕಂಬಿಯನ್ನು ಬಿಗಿದವನ ಹೆಸರನ್ನು ಯಾವ ಶಾಸನವೂ ಹೇಳದು. ಕೆಳದಿಯ ಕೆತ್ತನೆಯು ಉಳಿದುದು ಕಟ್ಟಿಸಿದ ಅರಸರ ಪುಣ್ಯದಿಂದ ಎಷ್ಟೋ, ಇಂತಹ ಅನಾಮಧೇಯರ ಕಾಯಕದಿಂದಲೂ ಅಷ್ಟೇ. ಮಹೋತ್ಸವದ ಸಂಭ್ರಮದಲ್ಲಿ ಹೊಸದನ್ನು ಕಟ್ಟುವ ಸಂಕಲ್ಪದೊಡನೆ ಇದ್ದುದನ್ನು ಕಾಯುವ ಸಂಕಲ್ಪವನ್ನೂ ಸದ್ಭಕ್ತರು ಕೈಗೊಂಡರೆ, ಇಂದು ಹಿರಿಯರು ಒರಗಿ ನಿಂತಿರುವ ಕಟಾಂಜನಕ್ಕೆ ನಾಳೆ ಮೊಮ್ಮಕ್ಕಳೂ ನಿರ್ಭಯವಾಗಿ ಒರಗಿ ನಿಲ್ಲುವರು.